ಮಗ್ಗ ಮುಟ್ಟದ ದಿನ

ಆಗ ನನಗೆ ಅರವತ್ತೊಂದು. ಈಗ್ಗೆ ಒಂಬತ್ತು ವರ್ಷದ ಮಾತು. ಈ ವಯಸ್ಸು ಸರಿಯೆಂದು ಆಣೆ ಮಾಡಲಾರೆ. ರೇಷನ್ ಕಾರ್ಡು ಬರೆಯಲು ಬಂದವನು ನನ್ನ ಮುಖ ನೋಡಿ ಒಂದು ವಯಸ್ಸು ಹೇಳಿದ, ನಾನು ಹೂಂ ಅಂದೆ. ಅಂದಿನಿಂದ ಅದಕ್ಕೇ ವರ್ಷಕ್ಕೊಂದು ಸೇರಿಸುತ್ತಾ ಬಂದಿದ್ದೇನೆ.

ಇದೆಲ್ಲ ಈಗ ನೆನಪಾದದ್ದು ಒಂದು ಟ್ರಂಕಿನ ದೆಸೆಯಿಂದ. ಮೊನ್ನೆ ಗುಜರಿ ಕೊಳ್ಳುವ ಸಾಬರು ನಮ್ಮ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಇಣುಕಿದರು.

“ಆ ಕರೇ ಟ್ರಂಕು ಕೊಡ್ತೀರೇನಮ್ಮ? ತಳ ಎಲ್ಲಾ ತುಕ್ಕು ತಿಂದೈತೆ.”

“ಅದ್ರ ಮ್ಯಾಲೆ ಕೂರ್ತೀನಪ್ಪ ನಾನು.”

“ಕೂರಾಕೆ ಕುರ್ಚಿ ಐತಲ್ಲ.”

“ಕುರ್ಚಿ ಮ್ಯಾಲೆ ಕೂತ್ರೆ ನನ್ನ ಕಾಲು ನೆಲಕ್ಕೆ ಸಿಗಲ್ಲ.”

ಸಾಬರು ನಕ್ಕು ಗಾಡಿ ತಳ್ಳಿಕೊಂಡು ಹೋದರು. ನಾನು ಸುಳ್ಳು ಹೇಳಲಿಲ್ಲ. ನಾನು ಗಿಡ್ಡಿ, ಕುರ್ಚಿ ಎತ್ತರ. ಆದರೆ ಟ್ರಂಕು ಕೊಡದಿರುವುದಕ್ಕೆ ಅದೊಂದೇ ಕಾರಣವಲ್ಲ. ಅದರೊಳಗೆ ಒಂಬತ್ತು ವರ್ಷದಿಂದ ರೇಷ್ಮೆ ನೂಲಿನ ಲಡಿಗಳಿವೆ. ಹೊರಗೆ ಬಿಳಿ ಬಣ್ಣದಲ್ಲಿ ನನ್ನ ಮಗನ ನಂಬರು, ಹೆಸರು. ಇಂಗ್ಲಿಷಿನಲ್ಲಿರುವುದರಿಂದ ನಾನು ಓದಲಾರೆ. ಕನ್ನಡವಾದರೂ ನಾಲ್ಕನೇ ಕ್ಲಾಸಿನದು. ಬರೆಯುವಾಗ ಒತ್ತಕ್ಷರ ಬಿಟ್ಟುಹೋಗುತ್ತವೆ, ಸೊಸೆ ಗಂಗಮ್ಮ ಕೂತು ಸರಿಮಾಡುತ್ತಾಳೆ. ಮಾತು ಸರಿಮಾಡಲು ಮಾತ್ರ ಬಿಡುವುದಿಲ್ಲ.

ಮಗನ ಹೆಸರು ತಿಪ್ಪೇಸ್ವಾಮಿ. ಈ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ತಿಪ್ಪೇಸ್ವಾಮಿಗೆ ಬೀಳುತ್ತದೆ, ಅದಕ್ಕೆ ನಾವು ತಿಪ್ಪೇಶಿ ಎನ್ನುತ್ತೇವೆ. ಹತ್ತೊಂಬತ್ತಕ್ಕೆ ಮಿಲಿಟರಿ ಸೇರಿದ. ಮೂವತ್ತಾರಕ್ಕೆ ಪೆನ್ಶನ್ ಮಾಡಿಸಿಕೊಂಡು ಈ ಟ್ರಂಕು ಹೊತ್ತು ಮನೆಗೆ ಬಂದ. ನಡುವೆ ರಜೆಗೆ ಬರುತ್ತಿದ್ದುದನ್ನು ಬಂದದ್ದು ಎಂದು ನಾನು ಹಿಡಿಯುವುದಿಲ್ಲ. ರಜೆಗೆ ಬಂದ ಮಗ ನೆಂಟ. ಮೊದಲ ದಿನ ಕೋಳಿ, ಎರಡನೇ ದಿನ ಹೋಳಿಗೆ, ಸೋದರಮಾವಂದಿರಿಗೆಲ್ಲ ಒಂದೊಂದು ಬಾಟಲಿ ರಮ್ಮು. ಅವನು ಏನು ಮಾತಾಡಿದ ಎಂದು ಕೇಳುವಷ್ಟರಲ್ಲಿ ಬಸ್ಸು ಬಂದಿರುತ್ತಿತ್ತು. ಮಿಲಿಟರಿಯೆಂದರೆ ನನಗೆ ಗೊತ್ತಿದ್ದದ್ದು ಕ್ಯಾಂಟೀನಿನ ಸೋಪು, ಕುಕ್ಕರು ಮತ್ತು ನನ್ನ ಅಳತೆಯದಲ್ಲದ ಒಂದು ಸ್ವೆಟರು. ನಲ್ಲಿಯ ಹತ್ತಿರ “ನನ್ನ ಮಗ ಬಾರ್ಡರ್‌ನಾಗೆ ಅವ್ನೆ” ಎಂದು ಹೇಳಿ ಸಾಲಿನಲ್ಲಿ ಮುಂದೆ ನುಗ್ಗುತ್ತಿದ್ದೆ. ಯಾವ ಬಾರ್ಡರು ಎಂದು ಯಾರಾದರೂ ಕೇಳಿದ್ದರೆ ನನ್ನ ಬಿಂದಿಗೆ ಹಿಂದಕ್ಕೇ ಹೋಗುತ್ತಿತ್ತು. ಕೊನೆಯ ಎರಡು ವರ್ಷ ಎಲ್ಲಿದ್ದೆ ಎಂದು ಕೇಳಿದರೆ “ಗುಡ್ಡದ ಮ್ಯಾಲೆ” ಎನ್ನುತ್ತಿದ್ದ. ಗುಡ್ಡ ನಮ್ಮೂರಲ್ಲೂ ಇವೆ, ಅದರಲ್ಲೇನು ಎಂದು ಸುಮ್ಮನಾದೆ.

ನಮ್ಮ ಬೀದಿಯ ವಿಷಯ ಹೇಳಬೇಕು. ಮೊಳಕಾಲ್ಮೂರಿನ ನೇಕಾರರ ಬೀದಿ. ಮನೆಗೊಂದು ಮಗ್ಗ, ಕೆಲವು ಮನೆಗೆ ಎರಡು. ನೆಲದಲ್ಲಿ ಒಂದು ಗುಣಿ ತೋಡಿರುತ್ತದೆ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಕಾಲಲ್ಲಿ ತುಳಿಯುತ್ತಾ ಕೈಯಲ್ಲಿ ಲಾಳಿ ಎಸೆಯುತ್ತಾ ಇದ್ದರೆ ಟಕ್ ಟಕ್ ಎಂದು ಬಡಿತ. ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವವರೆಗೆ ಬೀದಿಯ ಎರಡೂ ಕಡೆ ಅದೇ ಸದ್ದು. ಹೊರಗಿನಿಂದ ಬಂದವರಿಗೆ ತಲೆನೋವು, ನಮಗೆ ಕೇಳಿಸುವುದೇ ಇಲ್ಲ. ತಿಪ್ಪೇಶಿ ಕೂಸಾಗಿದ್ದಾಗ ಮಗ್ಗದ ಪಕ್ಕದ ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದೆ. ಮಗ್ಗ ಆಡುತ್ತಿರುವಷ್ಟು ಹೊತ್ತು ನಿದ್ದೆ. ಹರಿದ ಎಳೆ ಗಂಟು ಹಾಕೋಣವೆಂದು ನಾನು ಕೈ ನಿಲ್ಲಿಸಿದೆನೋ, ಕಿಟಾರೆಂದು ಅಳು. “ಇವ್ನು ಸಾಹುಕಾರ ಕಣೇ, ನಮ್ಮನ್ನ ಸುಮ್ನೆ ಕೂರಾಕೆ ಬಿಡಲ್ಲ” ಎಂದು ನನ್ನ ಗಂಡ ನಗುತ್ತಿದ್ದರು.

ಆ ಬೀದಿ ಬಾಯಿ ಮುಚ್ಚುವುದು ತಿಂಗಳಲ್ಲಿ ಒಂದೇ ದಿನ, ಅಮಾವಾಸ್ಯೆ. ಅವತ್ತು ಮಗ್ಗ ಮುಟ್ಟುವಂತಿಲ್ಲ. ಹಿಂದಿನ ದಿನವೇ ಒರೆಸಿಟ್ಟು, ಅವತ್ತು ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದಿಟ್ಟು ಕೈ ಮುಗಿದರೆ ಮುಗಿಯಿತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಂದು ಅಮಾವಾಸ್ಯೆ ಲಾಳಿಯ ಧೂಳು ಒರೆಸಲು ಕೈಗೆ ತೆಗೆದುಕೊಂಡಿದ್ದೆ. ನನ್ನ ಗಂಡ ಕೈಯ ಮೇಲೆ ಹೊಡೆದು ಬಿಡಿಸಿದರು. ಅತ್ತೆ ಮೂರು ದಿನ ಮಾತು ಬಿಟ್ಟಳು. ನನ್ನ ಗಂಡ ಕೈ ಎತ್ತಿದ್ದು ಅದೊಂದೇ ಸಲ. ಅವರು ಹೋಗಿ ಎಷ್ಟೋ ವರ್ಷವಾದರೂ ಅಮಾವಾಸ್ಯೆ ದಿನ ಮಗ್ಗದ ಹತ್ತಿರ ಹೋದರೆ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ತಿಪ್ಪೇಶಿ ಬಂದ ಮೇಲೆ ನಾನು ನೋಡಿದ್ದನ್ನು ನೋಡಿದ ಹಾಗೇ ಹೇಳುತ್ತೇನೆ. ಹಗಲು ಮಗ್ಗದ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದ. ರಾತ್ರಿ ಚಳಿಯಿದ್ದರೂ ಫ್ಯಾನು ಬೇಕು. ಆ ಫ್ಯಾನು ಹಳೆಯದು, ಗಡಗಡ ಎನ್ನುತ್ತಿತ್ತು. ರಿಪೇರಿ ಮಾಡಿಸೋ ಎಂದರೆ “ಇರ್ಲಿ ಬಿಡವ್ವ” ಎನ್ನುತ್ತಿದ್ದ. ಹಗಲು ಮಲಗುವ ಸೋಮಾರಿ ಎಂದು ನಾನು ಬೈದೆ. ಮಿಲಿಟರಿ ಸಾಹೇಬರಿಗೆ ಮಗ್ಗ ಹಿಡಿದರೆ ಕೈ ಸವೆಯುತ್ತದಾ ಎಂದು ಚುಚ್ಚಿದೆ. ಅವನು ನಗುತ್ತಿದ್ದ. ಮದುವೆಯಾದಾಗಿನಿಂದ ಗಂಡನನ್ನು ರಜೆಯ ಲೆಕ್ಕದಲ್ಲಿ ಕಂಡ ಗಂಗಮ್ಮ, “ಮನ್ಯಾಗೆ ಅವ್ರಲ್ಲ, ಮಲಗ್ಲಿ ಬಿಡತ್ತೆ” ಎನ್ನುತ್ತಿದ್ದಳು.

ಬಂದ ಮೇಲಿನ ಮೊದಲ ಅಮಾವಾಸ್ಯೆ. ಮಧ್ಯಾಹ್ನ ಮುದ್ದೆ ಉಣ್ಣುತ್ತಿದ್ದ. ತುತ್ತು ಅರ್ಧಕ್ಕೆ ನಿಂತಿತು. ತಟ್ಟೆ ಬಿಟ್ಟು ಎದ್ದವನು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಅಂಟಿಸಿ ನಿಂತ. ನಮಗೆ ಕೂರಿ, ಕೂರಿ ಎಂದು ಅಂಗೈ ಕೆಳಗೆ ಮಾಡಿ ತೋರಿಸಿದ. ನಾವು ಕೂತೇ ಇದ್ದೆವು, ಇನ್ನೆಲ್ಲಿ ಕೂರುವುದು? ಕಣ್ಣು ಮಿಟುಕಿಸದೆ ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು. ಅವನು ಬಂದು ತಣ್ಣಗಾದ ಮುದ್ದೆಯನ್ನೇ ಉಂಡ. ಏನಾಯ್ತೋ ಎಂದರೆ “ಏನಾತು?” ಎಂದು ನನ್ನನ್ನೇ ಕೇಳಿದ.

ಎದುರು ಮನೆಯ ರುದ್ರಕ್ಕನಿಗೆ ಹೇಳಿದೆ. ಅವಳು ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟಳು.

“ಅಮಾಸೆ ಗಾಳಿ ಕಣೇ ಸಣ್ಣಮ್ಮ. ಎಷ್ಟು ಹೆಣ ನೋಡಿರ್ತಾನೋ ಏನೋ. ಒಂದು ಬೆನ್ನು ಹತ್ತಿ ಬಂದೈತೆ.”

“ಅಷ್ಟು ದೂರದಿಂದ ರೈಲಿನಾಗೆ ಬಂತಾ?” ಎಂದೆ.

“ಅದಕ್ಕೇನು ಟಿಕೀಟು ಬೇಕಾ?” ಎಂದಳು.

ನಾನು ದೆವ್ವಕ್ಕೆ ಹೆದರುವವಳಲ್ಲ. ಆದರೂ ಹೋದೆ. ಊರಾಚೆ ನಿಂಬೆಹಣ್ಣು ಮಂತ್ರಿಸಿಕೊಡುವ ಒಬ್ಬ ಅಯ್ಯ ಇದ್ದ. ತಾಯಿತ ಕಟ್ಟಿದ. ಮುಂದಿನ ಅಮಾವಾಸ್ಯೆ ದಿನ ಇವನ ಸುತ್ತ ಒಂದು ಪಿಸುಮಾತೂ ಇರಕೂಡದು, ಸದ್ದು ಕೇಳಿದರೆ ಗಾಳಿ ಎಚ್ಚರವಾಗುತ್ತದೆ ಎಂದ. ನಾನು ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ. ಬೀದಿಯ ಮನೆಮನೆಗೂ ಹೋಗಿ ಹೇಳಿದೆ. ಟಿವಿ ಬೇಡ, ಮಿಕ್ಸಿ ಬೇಡ. ರುದ್ರಕ್ಕ ತನ್ನ ಹುಂಜವನ್ನು ಬುಟ್ಟಿಯಡಿ ಹಾಕಿ ಮೇಲೆ ಗೋಣಿಚೀಲ ಹೊದಿಸಿದಳು. ಬೀದಿಯ ತುದಿಯಲ್ಲಿ ಒಬ್ಬರು ನಿಂತು ಮೋಟರ್ ಸೈಕಲ್ಲಿನವರನ್ನು ಬೇರೆ ದಾರಿಗೆ ಕಳಿಸಿದರು. ಗಡಗಡ ಎನ್ನುವ ಫ್ಯಾನನ್ನು ನಾನೇ ಆರಿಸಿದೆ. ಸತ್ತ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ. ಬಿಡಿ, ಸತ್ತ ಮನೆಯಲ್ಲಿ ಅಳುವವರಾದರೂ ಇರುತ್ತಾರೆ.

ನಾನು ಹಿತ್ತಲಲ್ಲಿ ಬಟ್ಟೆ ನೆನೆಹಾಕಿ ಒಳಗೆ ಬಂದೆ. ಚಾಪೆ ಖಾಲಿ. ಗಂಗಮ್ಮನೂ ಇಲ್ಲ. ಮಗ್ಗದ ಕಡೆ ಏನೋ ಅಲುಗಿದಂತಾಯಿತು. ಬಗ್ಗಿ ನೋಡಿದೆ.

ಇಬ್ಬರೂ ಗುಣಿಯೊಳಗಿದ್ದರು. ಕಾಲು ಇಳಿಬಿಡಲು ಮಾತ್ರ ಜಾಗವಿರುವ ಗುಣಿ ಅದು. ಅದರೊಳಗೆ ಹೆಂಡತಿಯನ್ನು ಮಡಚಿ ತುರುಕಿ, ಮೇಲೆ ತಾನು ಕವುಚಿಕೊಂಡಿದ್ದ. ಒಂದು ಕೈ ಅವಳ ಬಾಯಿ ಮೂಗಿನ ಮೇಲೆ. ಅವಳ ಕಣ್ಣು ಮೇಲಕ್ಕೆ ಹೋಗಿತ್ತು. ಕಾಲ್ಬೆರಳು ಮಣ್ಣು ಗೀರುತ್ತಿತ್ತು. ಅವನು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿ ಉಸಿರಿನಲ್ಲೇ, “ಮಾತಾಡ್ಬ್ಯಾಡ. ನಿಂತೈತೆ. ನಿಂತೈತೆ” ಎಂದ.

ನನ್ನ ಮಗನ ಮುಖ ನನಗೆ ಗೊತ್ತು. ಹೆತ್ತವಳು ನಾನು. ಅದು ಯಾವ ಮುಖವೋ ನನಗೆ ತಿಳಿಯಲಿಲ್ಲ. ಕೈಗೆ ಸಿಕ್ಕ ಹಿತ್ತಾಳೆ ಬಿಂದಿಗೆಯನ್ನು ಎತ್ತಿ ಅವನ ಬೆನ್ನಿಗೆ ಹಾಕೋಣ ಎಂದವಳು, ಕೈ ಜಾರಿ ಕಲ್ಲುಚಪ್ಪಡಿಯ ಮೇಲೆ ಬೀಳಿಸಿದೆ. ಬಿಂದಿಗೆ ಢಣಢಣ ಎಂದು ಬಾಗಿಲವರೆಗೆ ಉರುಳಿತು. ಅವನ ಕೈ ಸಡಿಲವಾಯಿತು.

ಗಂಗಮ್ಮನನ್ನು ಎಳೆದು ಕೂರಿಸಿದಾಗ ತುಟಿ ಒಡೆದು ರಕ್ತ. ಕೆನ್ನೆಯ ಮೇಲೆ ನಾಲ್ಕು ಬೆರಳು. ಅವಳು ರಾಯದುರ್ಗದ ಕಡೆಯವಳು, ಹೆದರಿದರೆ ಅವಳ ಬಾಯಿಗೆ ತೆಲುಗೇ ಬರುವುದು. “ನಾಕೇಂ ಭಯಂ ಲೇದತ್ತಾ” ಎಂದಳು. ಭಯವಿಲ್ಲವಂತೆ. ಹಲ್ಲು ಕಟಕಟ ಎನ್ನುತ್ತಿತ್ತು.

ತಿಪ್ಪೇಶಿ ಆ ಬೆರಳ ಗುರುತಿನ ಪಕ್ಕ ತನ್ನ ಬೆರಳಿಟ್ಟು ನೋಡಿದ. ಅಳತೆ ಸರಿಯಾಗಿ ಕೂತಿತು. ಅವತ್ತಿನಿಂದ ನಗುವುದು ಬಿಟ್ಟ. ಹದಿನೈದು ದಿನದೊಳಗೆ ದೂರದ ಒಂದು ನೂಲಿನ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ಹುಡುಕಿಕೊಂಡ.

“ಬಂದು ಮೂರು ತಿಂಗ್ಳಾಗಿಲ್ಲ. ಮತ್ತೆ ಹೋಗ್ತೀಯಾ?” ಎಂದೆ.

“ಇಲ್ಲಿದ್ರೆ ಯಾವತ್ತಾದ್ರೂ ಇವಳ್ನ ಕೊಂದೇ ಬಿಡ್ತೀನವ್ವ. ಅಲ್ಲಿ ಒಬ್ನೇ ಇರ್ತೀನಿ. ಹಗ್ಲು ರಾತ್ರಿ ಮಿಷನ್ ನಿಲ್ಲಂಗಿಲ್ವಂತೆ, ಚೆನ್ನಾಗೈತಂತೆ.”

“ರಜೆ?”

“ರಜೆ ಇಲ್ಲ. ನಾನೂ ಕೇಳಿಲ್ಲ.”

ಬರುವ ಅಮಾವಾಸ್ಯೆ ದಿನ ಬೆಳಿಗ್ಗೆ ಮೊದಲ ಬಸ್ಸು ಎಂದ. ಅಮಾವಾಸ್ಯೆ ದಿನ ಯಾರಾದರೂ ಪಯಣ ಹೊರಡುತ್ತಾರಾ ಎಂದರೆ, ಅವತ್ತೇ ಹೋಗಬೇಕು ಎಂದ. ಗಂಗಮ್ಮ ಅವನ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂತಳು. ಹದಿನೇಳು ವರ್ಷ ಕಾದದ್ದು ನನಗೆ ಸಾಕಾಗಿತ್ತು. ಈ ಸಲ ಹೋದರೆ ಬರುವುದು ನನ್ನ ಮಣ್ಣಿಗೆ ಎಂದು ತಿಳಿಯಿತು.

ಅಮಾವಾಸ್ಯೆಯ ಹಿಂದಿನ ದಿನ ಚಳ್ಳಕೆರೆಯ ಬಸ್ಸು ಹತ್ತಿದೆ, ಜಗಳವಾಡಲು. ಅಲ್ಲಿ ದಸ್ತಗಿರಿ ಸಾಬರದು ಒಂದು ಲಾರಿ ಗ್ಯಾರೇಜಿತ್ತು. ವಯಸ್ಸಿನಲ್ಲಿ ಅವರೂ ಮಿಲಿಟರಿಯಲ್ಲಿ ಗಾಡಿ ಓಡಿಸಿದವರು. ತಿಪ್ಪೇಶಿ ಹರೆಯದಲ್ಲಿ ಅವರ ಹತ್ತಿರ ಕೆಲಸ ಕಲಿಯುತ್ತಿದ್ದಾಗ ಮಿಲಿಟರಿಯ ಹುಚ್ಚು ಹತ್ತಿಸಿದವರು ಅವರೇ ಎಂದು ನನಗೆ ಹಳೇ ಸಿಟ್ಟು. ದಾರಿಯ ತಳಕು ಊರು ದಾಟುವವರೆಗೆ ಬೈಗುಳ ಜೋಡಿಸಿಕೊಂಡೆ. ಇಳಿಯುವಾಗ ಎಣ್ಣೆ ಮಿಲ್ಲಿನ ಹಿಂಡಿ ವಾಸನೆಗೆ ಅರ್ಧ ಮರೆತೆ.

ಗ್ಯಾರೇಜಿನಲ್ಲಿ ಒಂದು ಲಾರಿ ಇಂಜಿನ್ ಚಾಲೂ ಇಟ್ಟು ನಿಂತಿತ್ತು. ಸಾಬರು ಅದರ ಕೆಳಗೆ. ಪಾದ ಮಾತ್ರ ಹೊರಗೆ. ನಾನು ಆ ಪಾದಗಳಿಗೇ ಬೈಯಲು ಶುರು ಮಾಡಿದೆ.

“ನೀವೇ ಕಳಿಸಿದ್ದು ಅವನ್ನ. ಈಗ ನೀವೇ ನಿಲ್ಸಿ.”

ಪಾದಗಳು ಹೇಳಿದವು, “ಯಾರ್ರೀ ಅದು? ಮೊಳಕಾಲ್ಮೂರಿನ ಅಕ್ಕಾ? ತಡೀರಿ, ಬರ್ತೀನಿ.”

ಹೊರಗೆ ಬಂದು ಇಂಜಿನ್ ಬಂದ್ ಮಾಡಿದರು. ಬಂದ್ ಮಾಡಿದವರು ಲಾರಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತರು. ಯಾರೋ ಕರೆದದ್ದನ್ನು ಕೇಳುವವರ ಹಾಗೆ. ಆಮೇಲೆ “ಚಾ ಕುಡೀರಿ” ಎಂದರು. ಬೈಯುವುದು ಬಿಟ್ಟು ಆದದ್ದನ್ನೆಲ್ಲ ಹೇಳಿದೆ. ಗಾಳಿ, ತಾಯಿತ, ಗುಣಿ, ಬೆರಳು.

“ಅಮಾವಾಸ್ಯೆ ದಿನ ನಿಮ್ಮ ಬೀದೀಲಿ ಮಗ್ಗ ಬಂದ್ ಅಲ್ವಾ?” ಎಂದರು.

“ಬಂದೇ. ಅದೇನು ಹೊಸದಾ?”

“ಹೋದ ಸಲ ಬೇರೆ ಸದ್ದೂ ಬಂದ್ ಮಾಡಿಸಿದ್ರಿ.”

“ಹುಂಜಕ್ಕೂ ಗೋಣಿಚೀಲ ಹೊದಿಸಿದ್ವಿ ಸಾಬ್ರೇ.”

ಅವರು ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟರು.

“ಅಕ್ಕ, ಗುಂಡು ಹಾರ್ತಿದ್ರೆ ದುಶ್ಮನ್ ಎಲ್ಲಿದಾನೆ ಅಂತ ಗೊತ್ತಿರ್ತದೆ. ನಾವು ಈಚೆ ಕಡೆ ರೊಟ್ಟಿ ತಿಂತಾ, ಗಡ್ಡ ಕೆರ್ಕೊಂತಾ ಇರ್ತೀವಿ. ಗುಂಡು ನಿಂತ್ರೆ ಗೊತ್ತಾಗಲ್ಲ. ನಿಂತಾಗ್ಲೇ ಬರೋದು ಅವ್ರು. ನಿಂತಾಗ ಪಕ್ಕದೋನು ಕೆಮ್ಮಿದ್ರೆ ಬಾಯಿ ಮುಚ್ಚಬೇಕು. ನಿಮ್ಮ ಮಗ ಸೊಸೇನ ಕೊಲ್ಲಾಕೆ ಹೋಗಿಲ್ಲ. ಬಚಾಯಿಸ್ತಾ ಇದ್ದ.”

ನಾನೂ ಲೋಟ ಕೆಳಗಿಟ್ಟೆ.

“ನಾನು ಮೂವತ್ತು ವರ್ಷದಿಂದ ಚಾಲೂ ಇರೋ ಲಾರಿ ಕೆಳಗೆ ಯಾಕೆ ಬಿದ್ದಿರ್ತೀನಿ ಅಂದ್ಕೊಂಡಿದೀರಿ? ರಿಪೇರಿ ಅಂತ ಊರು ತಿಳ್ಕೊಂಡೈತೆ. ಅರ್ಧ ಗಾಡಿಗೆ ಏನೂ ಆಗಿರಲ್ಲ” ಎಂದು ಆಗ ಸಾಬರು ನಕ್ಕರು. “ನಾನು ಹೇಳಿದ್ರೆ ಅವ್ನು ನಿಲ್ಲಲ್ಲ ಅಕ್ಕ. ಹೋಗ್ಬೇಡ ಅಂತ ನನಗೂ ಎಲ್ರೂ ಹೇಳಿದ್ರು. ಮನೇಲಿ ಇರಾಕೆ ಆಗ್ಬೇಕಲ್ಲ.”

ವಾಪಸು ಬಸ್ಸಿನಲ್ಲಿ ಕಂಡದ್ದನ್ನೆಲ್ಲ ಒಂದೊಂದಾಗಿ ಜೋಡಿಸುತ್ತಾ ಬಂದೆ. ಹಗಲು ಮಗ್ಗದ ಪಕ್ಕ ನಿದ್ದೆ. ಗಡಗಡ ಫ್ಯಾನು. ಟ್ರ್ಯಾಕ್ಟರು ಹೋದ ಮೇಲೆ ಮುದ್ದೆ. ಬಿಂದಿಗೆ ಉರುಳಿದಾಗ ಸಡಿಲವಾದ ಕೈ. ಎಲ್ಲ ನನ್ನ ಕಣ್ಣ ಮುಂದೆಯೇ ಬಿದ್ದಿತ್ತು. ಮೂವತ್ತಾರು ವರ್ಷದ ಹಿಂದೆ ಜೋಲಿಯಲ್ಲಿ ಮಲಗಿ ಅವನು ಅದನ್ನೇ ಹೇಳಿದ್ದ. ಆಗ ಅವನು ಯಾವ ಗುಡ್ಡಕ್ಕೂ ಹೋಗಿರಲಿಲ್ಲ, ಸದ್ದು ನಿಂತರೆ ಅವ್ವ ಎದ್ದುಹೋದಳು ಎಂದು ಅಳುತ್ತಿದ್ದ, ಅಷ್ಟೇ. ಈಗ ಸದ್ದು ನಿಂತರೆ ಯಾರೋ ಬರುತ್ತಾರೆ. ಆ ಗುಡ್ಡದ ಮೇಲಿನ ನಿಶ್ಶಬ್ದವನ್ನು ಮನೆಮನೆಗೆ ಹೋಗಿ ಬೇಡಿ ತಂದು ಅವನ ಸುತ್ತ ಕಟ್ಟಿದವಳು ನಾನು. ಹುಂಜದ ಬಾಯನ್ನೂ ಬಿಡಲಿಲ್ಲ. ಗಂಗಮ್ಮ ಅವತ್ತು ಸತ್ತಿದ್ದರೆ ಅವಳ ಬಾಯಿಯ ಮೇಲಿದ್ದ ಕೈ ಅರ್ಧ ನನ್ನದು.

“ಅಜ್ಜೀ, ಮೊಳಕಾಲ್ಮೂರು ಬಂತು. ಇಳೀತೀಯೋ, ಬಸ್ಸಿನಾಗೇ ಇರ್ತೀಯೋ?” ಎಂದು ಕಂಡಕ್ಟರು ಕೇಳಿದಾಗ ಬಸ್ಸು ಖಾಲಿಯಾಗಿತ್ತು.

ಮನೆಗೆ ಬಂದಾಗ ಟ್ರಂಕಿಗೆ ಬೀಗ ಬಿದ್ದಿತ್ತು. ಬಾಗಿಲ ಪಕ್ಕಕ್ಕೇ ತಂದಿಟ್ಟಿದ್ದ. ಗಂಗಮ್ಮ ಮಗ್ಗ ಒರೆಸಿ ನಿಂಬೆಹಣ್ಣು ತೆಗೆದಿಟ್ಟಿದ್ದಳು. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ತಿಪ್ಪೇಶಿ ಒಪ್ಪುವುದಿಲ್ಲ. ಅಪ್ಪ ಇದ್ದಾಗಿನ ನೇಮ ನನಗೋಸ್ಕರ ಮುರಿಯಬೇಡ ಎನ್ನುತ್ತಾನೆ. ರುದ್ರಕ್ಕನಿಗೆ ಹೇಳಿದರೆ ಬೀದಿಯನ್ನೇ ಕರೆತರುತ್ತಾಳೆ. ನನ್ನ ಗಂಡನ ಫೋಟೋದ ಮುಂದೆ ದೀಪ ಹಚ್ಚಿದೆ, ಅವರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಮಾವಾಸ್ಯೆ. ಅವನು ಸ್ನಾನ ಮಾಡಿ ಬಂದು, ಹೆಂಡತಿಯ ಕಡೆ ನೋಡದೆ, ಬಗ್ಗಿ ಟ್ರಂಕು ಎತ್ತಿದ. ಬೀದಿಯಲ್ಲಿ ಒಂದೇ ಒಂದು ಸದ್ದಿಲ್ಲ. ಅವನ ಕತ್ತು ಬಿಗಿಯುತ್ತಿರುವುದು ನನಗೆ ಕಂಡಿತು. ನಾನು ಮಗ್ಗದ ಹತ್ತಿರ ಹೋದೆ. ಕೈ ಬೆನ್ನ ಹಿಂದೆ ಹೋಯಿತು, ಅದನ್ನು ಮುಂದಕ್ಕೆ ತಂದೆ. ನಿಂಬೆಹಣ್ಣು ಪಕ್ಕಕ್ಕಿಟ್ಟು ಗುಣಿಗೆ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆದೆ. ಟಕ್ ಟಕ್. ರುದ್ರಕ್ಕ ಬಾಗಿಲಿಗೆ ಓಡಿಬಂದು, “ಏನೇ ಸಣ್ಣಮ್ಮ, ತಲೆ ಕೆಟ್ಟೈತಾ ನಿಂಗೆ?” ಎಂದಳು. ನಾನು ಇನ್ನೂ ಜೋರಾಗಿ ಬಡಿದೆ. ಹಿಂದೆ ಟ್ರಂಕು ನೆಲಕ್ಕಿಟ್ಟ ಸದ್ದಾಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಕೈ ನಿಲ್ಲುತ್ತದೆ.